ಕಲಿಯೋವರ ಲೈಸನ್ಸು

ಜಮಖಂಡಿ
೧೪ ಮೇ ೨೦೦೬

ಪ್ರೀತಿಯ ದಾದಾ,

ಹೆಂಗಿದ್ದೀ? ಕೊಲ್ಹಾಪುರದ ಬಿಸಿಲಿಗೆ ನಿನ್ನ ತಲಿನೋವು ಜೋರಾಗಿಲ್ಲಲಾ? ವೈನಿ ಆರಾಮ ಇದ್ದಾರಲಾ? ಇಲ್ಲಿ ಬಾಬಾ, ಆಯಿ ಇಬ್ಬರೂ ಛಲೋ ಇದ್ದಾರ. ಹೋದ ವಾರ ಈ ಮಾತು ಬರೆದಿದ್ದರ ಸುಳ್ಳಾಗ್ತಿತ್ತು.

ಆಯಿ ಹೆಸರಿಲೆ ಬಂದ ಇ-ಮೇಲ್ ನೀ ತೆರೆದದ್ದಕ್ಕ ನಿನ್ನ ಪ್ರೆಸ್ಸಿನ ಕಂಪ್ಯೂಟರ್ ಕೆಟ್ಟು, ಲಗ್ನಪತ್ರಿಕಿ ಕೆಲಸೆಲ್ಲಾ ನಿಂತಾಗ ನೀ ಫೋನಿನ್ಯಾಗ ಸಿಟ್ಟಿಲೆ, "ಆಕೀಗೆ ಕಂಪ್ಯೂಟರ್ ಮುಟ್ಟಲಿಕ್ಕೆ ಕೊಡಬ್ಯಾಡ್ರಿ" ಅಂದ್ಯಲ್ಲ, ಆಯಿ ನನ್ನ ಹಿಂದನ ನಿಂತು ಹೆತ್ತ ಮಗನ ಮಾತು ಕೇಳಿಸಿಕೊಂಡಳು. ಯಾರೋ ಗುರುತಿಲ್ಲದವರು ಕಳಿಸಿದ ಹೂವಿನ ಚಿತ್ರ ತೆರೆದಿದ್ದಳು, ಅಷ್ಟ. ಅದರೊಳಗಿನ ವೈರಸ್ಸು ಆಕಿ ಹೆಸರಿಲೆ ಗೊತ್ತಿದ್ದವರಿಗೆಲ್ಲಾ ಪತ್ರ ಹಾಕಿಬಿಡ್ತು. ರಿಪೇರಿಯವ ಬಂದು ನಮ್ಮ ಕಂಪ್ಯೂಟರ್ ಸ್ವಚ್ಛ ಮಾಡಿಕೊಟ್ಟ. ಆದರ ಬಾಬಾ ಅದಕ್ಕ ಇಂಟರ್ನೆಟ್ ತರೋ ಫೋನಿನ ತಂತಿ ಕಿತ್ತಿಟ್ಟರು. ಡ್ರೈವಿಂಗ್ ಲೈಸನ್ಸ್ ಕೊಡೋ ಆಫೀಸಿನ್ಯಾಗ ಜನ್ಮ ಕಳದವರು ನೋಡು. "ಬ್ರೇಕ್ ಎಲ್ಲಿ ಅದ ಅಂತ ತಿಳೀದವನ್ನ ನಾ ರಸ್ತೆಕ್ಕ ಬಿಟ್ಟಾವಲ್ಲ. ಇಂಟರ್ನೆಟ್ಟಿಗೂ ಲೈಸನ್ಸ್ ಬೇಕು" ಅಂತ ಮನಿಗೆ ಬಂದವರ ಮುಂದೆಲ್ಲಾ ಅದ ಮಾತು. ನಿನ್ನ ತ್ರಾಸ ನೆನೆಸಿದರ ನನಗೂ ಹೌದು ಅನಿಸ್ತಿತ್ತು. ಆಯಿ ಮಾತ್ರ ಕಂಪ್ಯೂಟರಿಗೆ ಟವೆಲ್ ಹೊಚ್ಚಿ, ಆ ಖೋಲಿಗೆ ಹೋಗೂದನ್ನ ಬಿಟ್ಟಳು.

ಮೊನ್ನೆ ಮುಂಜಾನೆ ಬಾಜೂ ಮನಿ ಮಾದೇವಿ ತನ್ನ ಮಗಳು ಶೈಲಾನ್ನ ಕರಕೊಂಡು ಬಂದಳು. ಪಿಯುಸಿ ರಿಸಲ್ಟ್ ಇಂಟರ್ನೆಟ್ಟಿನ್ಯಾಗ ಬಂದಿತ್ತು. "ಅಕ್ಕಾರ, ಒಂಚೂರು ನೋಡ್ರಿ. ಹುಡುಗಿ ತುತ್ತು ಉಣವಲ್ಲದು" ಅಂದಳು. ಆಯಿ ನೆಲ ನೋಡಿಕೋತ, "ನನಗ ಲೈಸನ್ಸ್ ಇಲ್ಲವ್ವಾ" ಅಂದಳು. ಮಾದೇವಿ ಚಾಷ್ಟಿ ಅಂದುಕೊಂಡು ನಕ್ಕಳು. ಬಾಬಾ ನಗಲಿಲ್ಲ. ತಾವ ಹೋಗಿ ತಂತಿ ಹಚ್ಚಿ ಖುರ್ಚಿ ಮ್ಯಾಲ ಕೂತರು, ಮುಂದ ಏನು ಒತ್ತಬೇಕು ತಿಳೀಲಿಲ್ಲ. ನಾ ಏಳೂದ್ರಾಗ ಆಯಿ ಮೆಲ್ಲಕ ಕೇಳಿದಳು, "ನಿಮ್ಮ ಆಫೀಸಿನ್ಯಾಗ ಕಲಿಯೋವರಿಗೂ ಒಂದು ಲೈಸನ್ಸ್ ಇತ್ತಲ್ಲ? ಅವರನ್ನ ರಸ್ತೆಕ್ಕ ಬಿಡ್ತಿರಲಿಲ್ಲೇನು?"

"ಬಿಡ್ತಿದ್ವಿ. ಬಲ್ಲವರು ಬಾಜೂಕ ಕೂತಿರಬೇಕು, ಅಷ್ಟ."

"ಹಂಗಾರ ಸ್ವಲ್ಪ ಆಚಿಗೆ ಸರೀರಿ. ನಾವಿಬ್ಬರೂ ಕಲಿಯೋವರು. ಬಾಜೂಕ ಮೃಣಾಲಿನಿ ಕೂಡ್ತಾಳ" ಅಂದು ಆಯಿ ನನ್ನ ಕರದಳು.

ಬಾಬಾ ಸರದರು! ಶೈಲಾ ಫಸ್ಟ್ ಕ್ಲಾಸ್, ದಾದಾ. ಮಾದೇವಿ ಅಳೂದು ನಗೂದು ಎರಡೂ ಕೂಡಿಸಿ ಆಯಿ ಕೈ ಹಿಡಕೊಂಡು ಬಿಡಲೇ ಇಲ್ಲ. ಅವತ್ತಿನಿಂದ ಮಧ್ಯಾಹ್ನ ಇಬ್ಬರೂ ಜೋಡಿಲೆ ಕೂಡ್ತಾರ. ಗುರುತಿಲ್ಲದ ಪತ್ರ ಕಂಡರ ಬಾಬಾ, "ತಡಿ, ಕೆಂಪು ಸಿಗ್ನಲ್" ಅಂತಾರ. ಲೈಸನ್ಸಿನ ವಾದ ಬಿಟ್ಟಿಲ್ಲ. ಆದರ ಮೊದಲ ಕಲಿಸೂ ಸಾಲಿ ಆಗಲಿ, ಪರೀಕ್ಷಾ ಆಮ್ಯಾಲ ಅಂತ ಈಗಿನ ರಾಗ. ಶೈಲಾ, ಓಣಿಯ ಇನ್ನೂ ಕೆಲವು ಹೆಣ್ಣಮಕ್ಕಳು ನಾಳಿಂದ ನಮ್ಮ ಮನಿಗೆ ಕಲೀಲಿಕ್ಕೆ ಬರ್ತಾರ.

ವೈನಿಗೆ ನಮಸ್ಕಾರ ತಿಳಿಸು. ಬಾಬಾ, ಆಯಿ ಇಬ್ಬರ ಆಶೀರ್ವಾದ ನಿಮ್ಮ ತಲಿ ಮ್ಯಾಲ ಅದ.

ನಿನ್ನ ತಂಗಿ,
ಮೃಣಾಲಿನಿ

ತಾ.ಕ.: ಲಕೋಟಿ ಅಂಟಿಸೂದ್ರಾಗ ನೆನಪಾತು. ಆಯಿ ನಿನಗೊಂದು ಇ-ಮೇಲ್ ಬರದು, ಕಳಸಲಿಕ್ಕೆ ಅಂಜಿ ಹಂಗ ಇಟ್ಟುಕೊಂಡಾಳ. ಫೋನ್ ಮಾಡಿ, "ಆಯಿ, ಕಳಸು, ನಾ ತೆರೀತೀನಿ" ಅನ್ನು. ನಾ ಹೇಳೇನಿ ಅನ್ನಬ್ಯಾಡ.