ಸಮನ್ಲು ಅಂದದ್ದು, ಸನ್ಮಾನ ಕೇಳಿದ್ದು

ರಾಯದುರ್ಗ
14-9-2012

ಮಿಲಿಟ್ರಿ ಬಿಟ್ಟು ವಕೀಲರಾಗಿ, ಈಗ ಲೋಕ್ ಅದಾಲತ್ ಬೆಂಚಲ್ಲಿ ಕೂರೋ ದೊಡ್ಡಮಲ್ಲಪ್ಪ ತಾತಂಗೆ, ಅಮರಾಪುರದ ಶ್ರಾವಣಿ ಕೈಮುಗಿದು ಬರೆಯೋದು.

ಸಿಟ್ಟು ಇಳೀತಾ ತಾತಾ? ನಿನ್ನೆ ಎಲ್ಲಾರ ಮುಂದೆ ಬೈದ್ರಿ. "ಕಿವಿ ಎಲ್ಲಿ ಒತ್ತಿ ಇಟ್ಟೀಯವ್ವ? ಹಾಜರಾಗು ಅಂತ ಜಯಣ್ಣಂಗ ಸಮನ್ಲು ಕಾಗದ ಕಳಿಸ್ತೀನಿ ಅಂದ್ರ, ಸನ್ಮಾನ ಅಂತ ಊರೆಲ್ಲ ಸಾರೀದಿ!" ಅಂದ್ರಿ. ನಾನು ಏಳನೇ ಕ್ಲಾಸಿಗೇ ಸ್ಕೂಲ್ ಬಿಟ್ಟೋಳು. ಮಿಷಿನ್ ಸದ್ದಲ್ಲಿ ಫೋನ್ ಮಾಡಿದ್ರೆ ಕೇಳ್ಸೋದೇ ಅರ್ಧ.

ನಾವು ಹೊಲಿಯೋ ಜಯಣ್ಣನ ಜೀನ್ಸ್ ಶೆಡ್ಡಿನ ಹಿಂದಿನ ಬಾಗ್ಲಿಗೆ ಯಾವಾಗ್ಲೂ ಬೀಗ. ಬಿಟ್ರೆ ನಾವು ಪ್ಯಾಂಟು ಕದೀತೀವಂತೆ! ಯುಗಾದಿ ಮುಂಚೆ ಮೋಟ್ರು ಸುಟ್ಟು ಹೊಗೆ ತುಂಬಿದಾಗ ನನ್ನ ಪಕ್ಕದ ಮಿಷಿನ್ನಿನ ದುರುಗಕ್ಕ ಆ ಬಾಗ್ಲನ್ನೇ ಗುದ್ದಿ ಗುದ್ದಿ ಬಿದ್ದೋದ್ಲು. ಇವತ್ತಿಗೂ ಮೆಟ್ಲು ಹತ್ತಿದ್ರೆ ಅವ್ಳಿಗೆ ಉಸಿರು ಸಿಗಲ್ಲ. ಅದಕ್ಕೇ ನಿಮ್ಮ ಹತ್ರ ಬಂದಿದ್ದು. ನೀವು ಎರಡು ಸಲ ಕಾಗದ ಕಳಿಸಿದ್ರಿ, "ಸಾಹುಕಾರ್ರು ಊರಲ್ಲಿಲ್ಲ" ಅಂತ ವಾಪಸ್ ಬಂತು. ಒಳಗೇ ಕೂತು ಮಂಡಕ್ಕಿ ತಿಂತಿದ್ದ, ಸುಳ್ಳ!

ಆಮೇಲೆ ನಿಮ್ಮ ಫೋನು. ಬೀಗ ಹಾಕ್ದೋನಿಗೆ ಸನ್ಮಾನವಾ ಅಂತ ನಂಗೆ ಉರಿದೋಯ್ತು. ಶೆಡ್ಡೆಲ್ಲ ಕೂಗಾಡಿದೆ. ಜಯಣ್ಣನ ಕಿವಿಗೂ ಬಿತ್ತು.

ನಿನ್ನೆ ಇಸ್ತ್ರಿ ಪಂಚೆ ಉಟ್ಕೊಂಡು, ಫೋಟೋದೋನ್ನ ಕರ್ಕೊಂಡು, ನಿಮಗೂ ಒಂದು ಸೇವಂತಿಗೆ ಹಾರ ಹಿಡ್ಕೊಂಡು ಅದಾಲತ್ತಿಗೆ ತಾನಾಗೇ ಬಂದ. "ಮಿಲಿಟ್ರಿ ಸಾರ್ ಕೈಯಾಗ ಶಾಲು ಹೊದಿಸ್ಕಣಾಕ ಪುಣ್ಯ ಮಾಡಿರ್ಬೇಕ್ರಿ" ಅಂದ. ನೀವು ಕನ್ನಡಕ ಸರಿಮಾಡ್ಕೊಂಡು, "ಕುಂದರ್ರಿ. ಹಿಂದಿನ ಬಾಗಲ ಕೀಲಿ ಎಲ್ಲೈತ್ರಿ?" ಅಂದ್ರಿ. ಅವನ ಉಡಿದಾರದಲ್ಲೇ ಇತ್ತು! ಎಲ್ಲಾರ ಮುಂದೆ ಬಿಚ್ಚಿಕೊಟ್ಟ. ಫೋಟೋದೋನಿಗೆ ಏನು ಗೊತ್ತು ಪಾಪ, ಅದನ್ನೂ ಫೋಟೋ ಹೊಡೆದ.

ಒಂದು ಕೇಳ್ಲಾ? ಲಡಾಖ್ ಗಡೀಲಿ ಮೆಡಲ್ ತಗೊಂಡೋರು ಈ ಕಾಗದದ ಜಗಳಕ್ಕೆ ಯಾಕೆ ಬಂದ್ರಿ? ಮೆಡಲ್ ಹಾಕ್ಕೊಂಡು ಪೆನ್ಷನ್ ಕೇಳೋಕೆ ಹೋದ್ರೂ "ಬದುಕೀರಿ ಅನ್ನಾಕ ಸರ್ಟಿಫಿಕೇಟ್ ತರ್ರಿ" ಅಂದ್ರಂತೆ, ಆ ಸಿಟ್ಟಿಗೇ ಲಾ ಓದಿದ್ರಂತೆ. ದುರುಗಕ್ಕ ಹೇಳಿದ್ಲು. ನಿಜವಾ? ಗಡೀಲಿ ಅಡಗಿ ಕೂತೋರ್ನ ಹೊರಗೆ ಬರ್ಸೋಕೆ ಏನು ಮಾಡ್ತಿದ್ರಿ? ಒಂದು ಸುಳ್ಳೂ ಹೇಳ್ತಿರ್ಲಿಲ್ವಾ?

ಬೀಗ ಇಲ್ಲದ ಬಾಗ್ಲ ಪಕ್ಕದ ಮಿಷಿನ್ನಿಂದ,
ಶ್ರಾವಣಿ

ತಾ.ಕ.: ಮತ್ತೆ ಬೈಬೇಡಿ ತಾತಾ. ನೀವು ಫೋನ್ ಮಾಡಿದಾಗ ಕರೆಂಟು ಹೋಗಿತ್ತು. ಮಿಷಿನ್ನೆಲ್ಲ ನಿಂತಿದ್ವು. ಸಮನ್ಲು ಅಂತ್ಲೇ ಕೇಳಿಸ್ತು.