ಔರಾದಿನ ಹಾವಗೆಪ್ಪನಿಗೆ ಭಾಲ್ಕಿಯ ಹಾವಗೆಪ್ಪ

ಭಾಲ್ಕಿ
೨ ನವೆಂಬರ್ ೧೯೪೮

ಔರಾದಿನ ಹಾವಗೆಪ್ಪನವರಿಗೆ, ಭಾಲ್ಕಿಯ ಹಾವಗೆಪ್ಪ ಮಾಸ್ತರ ಬರೆದದ್ದು.

ಲೂಟಿಗೆ ಬಂದ ನಿಜಾಮನ ರಜಾಕಾರರಿಗೆ ಮನೆಮನೆ ತೋರಿಸಿಕೊಟ್ಟ ನಿಮ್ಮ ಹೆಸರು ಪತ್ರಿಕೆಯಲ್ಲಿ ಬಂದಿದೆ, ಊರಿನ ಹೆಸರು ಬಂದಿಲ್ಲ. ಹೀಗಾಗಿ ಹೆಸರು ಇಬ್ಬರದು, ಕೆಸರು ನನ್ನೊಬ್ಬನದು. ಪೊಲೀಸರು ಎರಡು ಸಲ ನನ್ನನ್ನು ಒಯ್ದರು. ಆ ಹಾವಗೆಪ್ಪನ ಅಪ್ಪ ಬೇರೆ ಎಂದೆ.

"ಅಪ್ಪನ ಹೆಸರ ಕಾಗದದಾಗ ಇಲ್ರಿ ಮಾಸ್ತರ. ನೀವರೆ ಸಿಕ್ಕೀರಿ, ನಡೀರಿ," ಎಂದ ಜಮಾದಾರ. ಮೂರನೆಯ ಸಲ ಒಯ್ದರೆ ಬಿಡುವುದಿಲ್ಲವಂತೆ.

ಸೋಮವಾರದೊಳಗೆ ಬೀದರಿಗೆ ಹೋಗಿ ಠಾಣೆಯಲ್ಲಿ ನೀವೇ ಹಾಜರಾಗಿರಿ. ಅಡಗಿದ ಜಾಗ ಯಾರಿಗೂ ಗೊತ್ತಿಲ್ಲವೆಂದು ನಂಬಬೇಡಿರಿ. ಈ ಪತ್ರ ಬಗದಲ್‌ನಲ್ಲಿರುವ ನಿಮ್ಮ ಅಕ್ಕ ಸುಂದರಬಾಯಿಯ ಮನೆಗೇ ಬಂದಿದೆ. ಆ ತಾಯಿಯ ಅಂಗಳದಲ್ಲಿ ಪೊಲೀಸರು ನಿಲ್ಲಬಾರದೆಂದು ಮೊದಲು ನಿಮಗೆ ಬರೆದೆ. ಮಂಗಳವಾರ ಇದೇ ವಿಳಾಸವನ್ನು ಜಮಾದಾರನಿಗೆ ಬರೆಯುತ್ತೇನೆ.

ನಿಮ್ಮವನಲ್ಲದ,
ಹಾವಗೆಪ್ಪ