ಪಾಯ್‌ನಲ್ಲಿ ಲೀನಾಗೆ ಹೇಳಿದ್ದು

ಅಕ್ಕಾ,

ಮುಂದೆ 'ಪ್ರೀತಿಯ' ಅಂತ ಸೇರಿಸೋಣವೆಂದುಕೊಂಡೆ, ಕೈ ಬರಲಿಲ್ಲ. ನಿನ್ನ ಮೇಲೆ ಸಿಟ್ಟಿದೆ. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದಂತೆ. ಯಾರು ಮಾಡಿದ ಕಾನೂನು ಅದು? ಸತ್ತವರೇ ಮಾಡಿಕೊಂಡಿರಬೇಕು.

ಮೊನ್ನೆ ಭಾವ ಫೋನ್ ಮಾಡಿದ್ದರು. ನಿನ್ನ ವರ್ಷದ ತಿಥಿ ಮುಗಿಸಿ, ಆ ಭಾನುವಾರ ವಾಲ್‌ನಟ್ ಊರಿನ ನಿಮ್ಮ ಮನೆಗೆ ಕನ್ನಡದವರನ್ನೆಲ್ಲ ಕರೆಯುತ್ತಾರಂತೆ. "ಥೈಲ್ಯಾಂಡ್ ಫೋಟೋಗಳನ್ನ ಟಿವಿಲಿ ಹಾಕ್ತೀನಿ ಶೈಲು. ನೀನು ನಾಕು ಮಾತಾಡು. ಅವಳ ಜೊತೆ ಹೋಗಿದ್ದವಳು ನೀನೇ ಅಲ್ವಾ?" ಅಂದರು. ಹೋಗಿದ್ದೆ, ನಿಜ. ಆದರೆ ಆ ಪ್ರವಾಸದಲ್ಲಿ ನಿನ್ನ ಜೊತೆ ಇದ್ದವರೇ ಬೇರೆ. "ನನ್ನ ಕೈಲಿ ಆಗಲ್ಲ ಭಾವ" ಅಂದೆ. ಅವರು ಒತ್ತಾಯ ಮಾಡಲಿಲ್ಲ. ಅಲ್ಲಿ ಆಡಲಾರದ ಮಾತನ್ನು ಇಲ್ಲಿ ನಿನ್ನ ಮುಖಕ್ಕೇ ಆಡುತ್ತೇನೆ, ಕೇಳಿಸಿಕೋ.

ನೀನು ಆ ಪ್ರವಾಸದ ಮಾತೆತ್ತಿದಾಗ ನಾನು ಇಂಟರ್‌ಸ್ಟೇಟ್ ಹದಿನೈದರ ಹೆದ್ದಾರಿಯಲ್ಲಿ, ಆಫೀಸಿನಿಂದ ರಾಂಚೊ ಬರ್ನಾರ್ಡೊದ ನನ್ನ ಮನೆಗೆ ಹೋಗುವ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಿದ್ದೆ. "ನಿನ್ನ ಮದುವೆಗೆ ಮುಂಚೆ ನಾವಿಬ್ರೇ ಎಲ್ಲಾದ್ರೂ ಹೋಗ್ಬಿಡೋಣ ಕಣೇ. ಥೈಲ್ಯಾಂಡ್. ಬೆನ್ನಿಗೊಂದು ಬ್ಯಾಗು, ಅಷ್ಟೇ. ಹೋಟೆಲ್ಲು ಗೀಟೆಲ್ಲು ಏನೂ ಬೇಡ" ಅಂದೆ ನೀನು. "ನಲವತ್ತು ದಾಟ್ತಲ್ಲೇ ನಿಂಗೆ, ಬಂಕ್ ಬೆಡ್ ಹತ್ತಕ್ಕಾಗತ್ತಾ?" ಎಂದು ನಾನು ಕಾಲೆಳೆದರೆ, "ಹತ್ತೋದು ನನ್ನ ಕಷ್ಟ, ನೀನು ಲೀವ್‌ಗೆ ಅಪ್ಲೈ ಮಾಡು" ಅಂತ ಫೋನಿಟ್ಟೆ. ಅಪ್ಪ ಅಮ್ಮ ಹೋದ ಮೇಲೆ ನನ್ನನ್ನು ಎಂಎಸ್ ಮಾಡಿಸಲು ಅಮೆರಿಕಕ್ಕೆ ಕರೆಸಿಕೊಂಡವಳು ನೀನು. ಅರವಿಂದನ ಸಂಬಂಧ ಕುದುರಿಸಿದವಳೂ ನೀನೇ. ಎಲ್ ಸೆಗುಂಡೋದ ನಿನ್ನ ಆಫೀಸು, ನನ್ನ ಕೆಲಸ, ಇದರ ಮಧ್ಯೆ ಎಷ್ಟು ವರ್ಷದಿಂದ ನಾವು ಒಟ್ಟಿಗೆ ನೆಟ್ಟಗೆ ಕೂತು ಮಾತಾಡಿರಲಿಲ್ಲ! 'ನಾವಿಬ್ರೇ' ಎಂಬ ಆ ಒಂದು ಮಾತಿಗೆ ನಾನು ಕುಣಿದುಬಿಟ್ಟೆ.

ನಾವಿಬ್ಬರೇ ಇದ್ದದ್ದು ಎಷ್ಟು ಹೊತ್ತು, ಹೇಳು? ಚಿಯಾಂಗ್ ಮಾಯ್‌ನ ಹಾಸ್ಟೆಲ್‌ನಲ್ಲಿ ಮೊದಲನೇ ಬೆಳಿಗ್ಗೆ ನಾನು ಹಲ್ಲುಜ್ಜಿ ಬರುವಷ್ಟರಲ್ಲಿ ನೀನು ಚಟ್ನಿಪುಡಿ ಡಬ್ಬಿ ಬಿಚ್ಚಿ ಇಬ್ಬರನ್ನು ಗಂಟುಹಾಕಿಕೊಂಡಿದ್ದೆ. ಒಬ್ಬಳು ಲೀನಾ, ಹಾಲೆಂಡಿನ ನರ್ಸು, ಬಾಗಿಲಿಗೆ ತಲೆ ತಗಲುವಷ್ಟು ಉದ್ದ. ಇನ್ನೊಬ್ಬ ಮಾರ್ಕೋ, ಅರ್ಜೆಂಟೀನಾದವನು, ಬ್ಯಾಂಕಿನ ಕೆಲಸ ಬಿಟ್ಟು ಊರು ಸುತ್ತುತ್ತಿದ್ದ ಬೋಳುತಲೆಯವನು. ಆ ಮಹಾಶಯ ಬ್ರೆಡ್ಡಿನ ಮೇಲೆ ನಮ್ಮ ಚಟ್ನಿಪುಡಿ ಸುರಿದುಕೊಂಡು ಕಣ್ಣಲ್ಲಿ ನೀರು ಸುರಿಸುತ್ತಾ ತಿನ್ನುತ್ತಿದ್ದ. ನಾನು ಕುರ್ಚಿ ಎಳೆದುಕೊಳ್ಳುವ ಮೊದಲೇ "ಇವ್ರೂ ನಮ್ಮ ಜೊತೆ ಪಾಯ್‌ಗೆ ಬರ್ತಾರಂತೆ ಕಣೇ" ಅಂದೆ. ನನ್ನನ್ನು ಒಂದು ಮಾತು ಕೇಳಿದೆಯಾ? ನಾನು ಅವರೆದುರಿಗೆ ಹಲ್ಲು ಕಿರಿದು "ಓ, ನೈಸ್" ಅಂದೆ.

ಬೆಟ್ಟದ ನಡುವಿನ ಪಾಯ್ ಊರಿಗೆ ಹೋಗುವ ಆ ಮಿನಿಬಸ್ಸು, ಅಬ್ಬಾ! ಬೆಟ್ಟದ ದಾರಿಯ ತುಂಬ ಬರೀ ತಿರುವು. ಹಿಂದಿನ ಸೀಟಿನಲ್ಲಿ ನಾನು ಪ್ಲಾಸ್ಟಿಕ್ ಕವರು ಹಿಡಿದು ವಾಂತಿ ಮಾಡಿಕೊಳ್ಳುತ್ತಿದ್ದರೆ ನೀನು ಮುಂದೆ ಲೀನಾಳ ಪಕ್ಕ ಕೂತು ಕಿವಿಗೆ ಬಾಯಿಟ್ಟು ಮಾತಾಡುತ್ತಿದ್ದೆ. ಇಳಿದ ಮೇಲೆ ಗೆಸ್ಟ್‌ಹೌಸಿಗೆ ಬಿದಿರಿನ ಸೇತುವೆ ದಾಟಿ ನಡೆಯಬೇಕಿತ್ತು. ನೀನು ಬ್ಯಾಗನ್ನು ಬಲಹೆಗಲಿಗೆ ಮಾತ್ರ ನೇತುಹಾಕಿಕೊಂಡು ವಾಲಿಕೊಂಡು ಬರುತ್ತಿದ್ದೆ. "ಎರಡೂ ಹೆಗಲಿಗೆ ಹಾಕ್ಕೊಳೇ, ಕಾಲೇಜ್ ಹುಡುಗಿ ಥರ ಸ್ಟೈಲ್ ಬೇರೆ ಕೇಡು" ಅಂದೆ ನಾನು. ನೀನು ನಕ್ಕೆ. ನಗುವುದಕ್ಕೇನು, ಅದರಲ್ಲಿ ನಿನ್ನನ್ನು ಮೀರಿಸುವವರಿರಲಿಲ್ಲ.

ಮರುದಿನ ಜಲಪಾತಕ್ಕೆ ಹೊರಟಾಗ ಲೀನಾ ಯಾರೂ ಕೇಳದೆಯೇ ನಿನ್ನ ಬ್ಯಾಗನ್ನೂ ಎತ್ತಿಕೊಂಡಳು. ಸ್ವಲ್ಪ ದೂರಕ್ಕೆ ಅದು ಮಾರ್ಕೋನ ಹೆಗಲಿಗೆ ಹೋಯಿತು. ನೀನು ಮಹಾರಾಣಿಯ ಹಾಗೆ ಕೈಬೀಸಿಕೊಂಡು, ಅಲ್ಲಲ್ಲಿ ನಿಂತು, ಹೂವು ನೋಡುವ ನೆಪ ಮಾಡಿಕೊಂಡು ಬರುತ್ತಿದ್ದೆ. ನನಗೆ ತಲೆ ಕೆಟ್ಟುಹೋಯಿತು. "ಹೊರಕ್ಕಾಗದಿದ್ರೆ ಈ ಬ್ಯಾಕ್‌ಪ್ಯಾಕಿಂಗ್ ಯಾಕೆ ಬೇಕಿತ್ತು? ಕಂಡೋರ ಕೈಲಿ ಹೊರಿಸ್ತೀಯಲ್ಲ, ನಾಚ್ಕೆ ಆಗಲ್ವಾ?" ಎಂದು ದಾರಿಯಲ್ಲೇ ಕೂಗಾಡಿದೆ. ಕನ್ನಡ ಬಾರದಿದ್ದರೂ ಲೀನಾ ನನ್ನನ್ನು ಸುಡುವ ಹಾಗೆ ನೋಡಿದಳು. ನೀನು "ಆಯ್ತು ಬಾರೇ, ಬೈಕೊಂಡ್ರೂ ಪರವಾಗಿಲ್ಲ, ನಿಧಾನಕ್ಕೆ ನಡಿ" ಅಂದೆ. ಆ ಬೈಗುಳಕ್ಕೆ ನಾನು ಕ್ಷಮೆ ಕೇಳುತ್ತೇನೆಂದು ಕಾದಿದ್ದರೆ ಕಾಯುತ್ತಿರು. ಗೊತ್ತಿಲ್ಲದೆ ಬೈದವಳದಲ್ಲ ತಪ್ಪು, ಸುಮ್ಮನೆ ನಿಂತು ಬೈಸಿಕೊಂಡವಳದು.

ಇನ್ನು ಆ ಮಾವಿನಹಣ್ಣಿನ ಮಧ್ಯಾಹ್ನ. "ಶೈಲು, ಹಣ್ಣು ತಗೊಂಬಾರೇ, ನಿಧಾನಕ್ಕೆ ಆರಿಸಿ ತಗೊಂಬಾ" ಎಂದು ಕಳಿಸಿದೆ. ನಾನು ಹಣ್ಣು ಹೊತ್ತು ವಾಪಸ್ ಬಂದರೆ ಜಗಲಿಯಲ್ಲಿ ಲೀನಾ ನಿನ್ನ ಕೈ ಹಿಡಿದು ಕೂತಿದ್ದಾಳೆ, ಅವಳ ಕಣ್ಣು ಕೆಂಪು. ಮಾರ್ಕೋ ನೆಲ ನೋಡುತ್ತಿದ್ದಾನೆ. ನನ್ನನ್ನು ಕಂಡದ್ದೇ ಮೂವರದೂ ಬಾಯಿ ಬಂದ್. ನೀನು ಕಣ್ಣು ಮಿಟುಕಿಸದೆ ಹೇಳಿದೆ: "ಪಾಪ, ಅವಳ ಬಾಯ್‌ಫ್ರೆಂಡ್ ಕೈಕೊಟ್ನಂತೆ ಕಣೇ." ನಾನು ಪೆದ್ದಿ, ಹಣ್ಣು ಹೆಚ್ಚಿ ಅವಳಿಗೇ ಮೊದಲು ಕೊಟ್ಟು, ಅವನು ಹೋದರೆ ಹೋಗಲಿ ಬಿಡು, ನಿನಗೇನು ಗಂಡಸರು ಸಿಗುವುದಿಲ್ಲವಾ ಎಂದು ಇಂಗ್ಲಿಷಿನಲ್ಲಿ ಸಮಾಧಾನ ಮಾಡಿದೆ. ಅವಳು ನಿನ್ನ ಕಡೆ ಒಮ್ಮೆ ನೋಡಿ ನನಗೆ ಥ್ಯಾಂಕ್ಸ್ ಹೇಳಿದಳು. ಆ ದೃಶ್ಯ ನೆನಪಾದಾಗಲೆಲ್ಲ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ನನ್ನ ಮದುವೆಯ ದಿನ ಸ್ಯಾನ್ ಡಿಯಾಗೋದ ಹಾಲ್‌ನಲ್ಲಿ ನೀನೂ ಭಾವನೂ ಅಪ್ಪ ಅಮ್ಮನ ಜಾಗದಲ್ಲಿ ನಿಂತು ಧಾರೆ ಎರೆದುಕೊಟ್ಟಿರಿ. ನೀನು ಮುಖ ಆಚೆ ತಿರುಗಿಸಿಕೊಂಡೆ. ಅಳು ತಡೆಯುತ್ತಿದ್ದಾಳೆ ಅಂದುಕೊಂಡೆ. ನಾವು ಹನಿಮೂನ್ ಮುಗಿಸಿ ಬಂದ ಮೇಲೆ ನೀನು ಫೋನ್ ಮಾಡಿ, "ಗಾಬರಿ ಆಗ್ಬೇಡ. ಎಡಗಡೆ ಎದೇಲಿ ಒಂದು ಗಂಟಂತೆ, ಕಂಕುಳಿಗೂ ಹೋಗಿದ್ಯಂತೆ. ಮೊನ್ನೆ ಮೊನ್ನೆ ಗೊತ್ತಾಯ್ತು" ಅಂದೆ. ನಾನು ನಂಬಿದೆ. ಆಸ್ಪತ್ರೆಗೆ ಜೊತೆಗೆ ಬಂದೆ. ನಿಮ್ಮ ಗಮನಕ್ಕೆ ಬಂದದ್ದು ಯಾವಾಗ ಎಂದು ಡಾಕ್ಟರು ಕೇಳಿದಾಗ ನೀನು ಈಗೀಗ ಅಂದೆ. ಅವರಿಗೆ ಅನುಮಾನ. ನಾನು ಮಧ್ಯೆ ಬಾಯಿ ಹಾಕಿ, ಮುಂಚೆ ಗೊತ್ತಿದ್ದರೆ ನನಗೆ ಹೇಳದೆ ಇರುತ್ತಿರಲಿಲ್ಲ ಡಾಕ್ಟರ್, ನನ್ನಕ್ಕ ನನ್ನಿಂದ ಏನೂ ಮುಚ್ಚಿಡುವವಳಲ್ಲ ಎಂದು ಸಾಕ್ಷಿ ಹೇಳಿದೆ. ನನ್ನ ಬಾಯಿಂದ ಆ ಸುಳ್ಳು ಹೊರಡುತ್ತಿರುವಾಗ ನೀನು ಪಕ್ಕದಲ್ಲೇ ಕೂತು ಕೇಳಿಸಿಕೊಂಡೆಯಲ್ಲ, ನಿನಗೆ ಏನೂ ಅನ್ನಿಸಲಿಲ್ಲವಾ? ಆಮೇಲೆ ಎಷ್ಟು ಶನಿವಾರ ವಾಲ್‌ನಟ್‌ಗೆ ಡ್ರೈವ್ ಮಾಡಿಕೊಂಡು ಬಂದೆ. ತಲೆ ಬಾಚಲು ಕೂದಲಿಲ್ಲದ ನಿನ್ನ ತಲೆಗೆ ಎಣ್ಣೆ ಹಚ್ಚುತ್ತಿದ್ದೆ. ಆಗಲಾದರೂ, ಒಂದೇ ಒಂದು ಸಲ...

ಲೀನಾ ಬಂದಳು. ನೀನು ಹೋಗಿ ತಿಂಗಳಾಗಿತ್ತು. ಎಲ್ಲಿಗೋ ಹೋಗುವವಳು ಲಾಸ್ ಏಂಜಲೀಸ್‌ನಲ್ಲಿ ಇಳಿದು, ಅದೇ ಬ್ಯಾಗು ಹೊತ್ತು ನಿನ್ನ ಮನೆ ಹುಡುಕಿಕೊಂಡು ಬಂದಿದ್ದಳು. ಬಾಗಿಲು ತೆಗೆದವಳು ನಾನು. ಅಪ್ಪಿಕೊಂಡು ಅಳುತ್ತಾ ಇಂಗ್ಲಿಷಿನಲ್ಲಿ ಅವಳಂದದ್ದು ಇಷ್ಟು: "ಪಾಯ್‌ನಲ್ಲೇ ನಾನು ಆ ಗಂಟನ್ನು ಮುಟ್ಟಿ ನೋಡಿದ್ದೆ. ನಾಳೆಯೇ ವಾಪಸ್ ಹೋಗು ಅಂತ ಬೇಡಿಕೊಂಡೆ. ತಂಗಿಯ ಮದುವೆ ಮುಗಿಯಲಿ ಅಂದಳು. ಈಗ ಗೊತ್ತಾದರೆ ಹುಡುಗನ ಮನೆಯವರು ಬೇಡ ಅಂತಾರೆ ಅಂದಳು. ನಿನಗೆ ಹೇಳಕೂಡದು ಅಂತ ಮಾತು ತಗೊಂಡಳು. ಅವಳು ಹೇಳಿದ ಕಾರಣ ನನಗೆ ಇವತ್ತಿಗೂ ಅರ್ಥವಾಗಿಲ್ಲ." ನನಗೆ ತಕ್ಷಣ ಅರ್ಥವಾಯಿತು ಅಕ್ಕ, ಕೆಟ್ಟ ಸಿಟ್ಟು ಬಂದದ್ದು ಅದಕ್ಕೇ. ಕಾಫಿ ತರುತ್ತಿದ್ದ ಭಾವ ಅಲ್ಲೇ ಕುಸಿದು ಕೂತರು. "ನಂಗೂ ಮದುವೆ ಆದ್ಮೇಲೇ ಹೇಳಿದ್ದು ಶೈಲು. ಮೊದ್ಲೇ ಗೊತ್ತಿತ್ತಾ ಅವಳಿಗೆ?" ಅಂದರು. ಆಗಲೇ ಹೋಗಿದ್ದರೆ ಉಳಿಯುತ್ತಿದ್ದಳಾ ಎಂದು ಲೀನಾಳನ್ನು ಕೇಳಿದೆ. ಹೇಳಲಾಗುವುದಿಲ್ಲ ಅಂದಳು.

ಗಂಡನಿಗೆ ಹೇಳಲಿಲ್ಲ, ತಂಗಿಗೆ ಹೇಳಲಿಲ್ಲ, ಒಟ್ಟಿಗೆ ನಾಲ್ಕು ಊಟ ಮಾಡಿದವರಿಗೆ ಹೇಳಿದೆ. ಆ ಬೋಳುತಲೆಯವನಿಗೂ ಹೇಳಿದೆ! ದಾರಿಯಲ್ಲಿ ಸಿಕ್ಕವರನ್ನೆಲ್ಲ ಯಾಕೆ ಸೇರಿಸಿಕೊಂಡೆ ಅಂತ ಈಗ ಗೊತ್ತಾಗುತ್ತಿದೆ. ನನ್ನೊಬ್ಬಳ ಜೊತೆ ಕೂತರೆ ಬಾಯಿ ಬಿಟ್ಟುಬಿಡುತ್ತೇನೆಂಬ ಹೆದರಿಕೆ ನಿನಗೆ. ಇಂಥದ್ದನ್ನು ಎಲ್ಲರೂ ತ್ಯಾಗ ಅನ್ನುತ್ತಾರೆ. ಥೂ, ಯಾರು ಕೇಳಿದ್ದರು ನಿನ್ನ ತ್ಯಾಗ? ನಿನ್ನ ಪ್ರಾಣ ಕೊಟ್ಟು ನನಗೊಂದು ಮದುವೆ ಮಾಡಿಸು ಅಂತ ನಾನು ಅಂದಿದ್ದೆನಾ? ಆ ಮಂಟಪದಲ್ಲಿ ನಾನು ಹಲ್ಲು ಬಿಟ್ಟು ನಿಂತ ಫೋಟೋ ಒಂದನ್ನೂ ಈಗ ನೋಡಲಾಗುವುದಿಲ್ಲ ನನಗೆ.

ಕಳೆದ ವಾರ ನಡೆದದ್ದು ನಿನಗೆ ಗೊತ್ತಾಗಬೇಕು. ಬೆಂಗಳೂರಿನಿಂದ ಅರವಿಂದನ ಅಮ್ಮ, ನಮ್ಮತ್ತೆ, ಬಂದು ನಮ್ಮ ಮನೆಯಲ್ಲಿದ್ದಾರೆ. ಇಬ್ಬರೂ ಹುರುಳಿಕಾಯಿ ಬಿಡಿಸುತ್ತಾ ಕೂತಿದ್ದೆವು. ತಡೆಯಲಾಗಲಿಲ್ಲ. ಜಗಳಕ್ಕೆ ಸಿದ್ಧವಾಗಿಯೇ ಅಂದೆ: "ಅತ್ತೆ, ಅಕ್ಕಂಗೆ ಮದುವೆಗೆ ಮುಂಚೆನೇ ಗೊತ್ತಿತ್ತು. ನಿಮಗೆ ಹೆದರ್ಕೊಂಡು ಮುಚ್ಚಿಟ್ಳು." ಅವರ ಕೈ ನಿಂತಿತು. ಆಮೇಲೆ ಸೆರಗನ್ನು ಎದೆಯ ಮೇಲೆ ಎಳೆದುಕೊಂಡರು.

"ನನ್ನ ಬಲಗಡೇದು ತೆಗೆದು ತುಂಬ ವರ್ಷ ಆಯ್ತು ಕಣಮ್ಮ. ಅರವಿಂದ ಆಗಿನ್ನೂ ಓದ್ತಿದ್ದ. ನಿಮ್ಮಕ್ಕ ಸಂಬಂಧ ಮಾತಾಡಕ್ಕೆ ಫೋನ್ ಮಾಡಿದಾಗ, ಮನೇಲಿ ಎಲ್ಲರ ಆರೋಗ್ಯ ಹೇಗಿದೆ ಆಂಟಿ ಅಂದ್ಲು. ಬಿಪಿನೂ ಇಲ್ಲಮ್ಮ ಅಂದೆ. ನಿಜ ಹೇಳಿದ್ರೆ ಹೆಣ್ಣು ಕೊಡ್ತಿದ್ರಾ? ಯಾರಿಗೂ ಹೇಳ್ಬೇಡ ಅಂತ ಅರವಿಂದಂಗೂ ಆಣೆ ಹಾಕಿಸಿದ್ದೆ."

ಕೇಳಿಸಿತಾ ಅಕ್ಕ? ನೀನು ಯಾರಿಗೆ ಹೆದರಿ ಬಾಯಿ ಮುಚ್ಚಿಕೊಂಡೆಯೋ ಅವರು ನಿನಗೇ ಹೆದರಿ ಬಾಯಿ ಮುಚ್ಚಿಕೊಂಡಿದ್ದರು. ಅವರು ಆಪರೇಷನ್ ಮಾಡಿಸಿಕೊಂಡರು, ನಮ್ಮ ಅಡುಗೆಮನೆಯಲ್ಲಿ ಕೂತು ಹುರುಳಿಕಾಯಿ ಬಿಡಿಸುತ್ತಿದ್ದಾರೆ. "ಒಂದ್ ಮಾತು ನಂಗೆ ಹೇಳಿದ್ರೆ ದರದರ ಎಳ್ಕೊಂಡ್ ಹೋಗಿ ಆಪರೇಷನ್ ಮಾಡಿಸ್ತಿದ್ನಲ್ಲೋ ದೇವ್ರೇ" ಎಂದು ಅತ್ತೆ ಹಣೆ ಹಣೆ ಚಚ್ಚಿಕೊಂಡರು. ಸಮಾಧಾನ ಮಾಡಲು ನನ್ನ ಕೈ ಮುಂದೆ ಹೋಗಲಿಲ್ಲ. ಅರವಿಂದನ ಜೊತೆ ಎರಡು ದಿನ ಮಾತು ಬಿಟ್ಟಿದ್ದೆ.

ಬರುವ ಸೋಮವಾರ ನನಗೆ ಟೆಸ್ಟ್ ಇದೆ. ಅಕ್ಕನಿಗಿತ್ತು ಅಂದರೆ ತಂಗಿಯೂ ಪರೀಕ್ಷೆ ಮಾಡಿಸಿಕೊಳ್ಳಲೇಬೇಕಂತೆ. ಈ ಮಾತನ್ನೂ ನೀನು ಹೇಳಬಹುದಿತ್ತು. ಅರವಿಂದ ಡ್ರೈವ್ ಮಾಡುತ್ತಾನೆ, ಅತ್ತೆಯೂ ಬರುತ್ತಾರೆ. ರಿಸಲ್ಟ್ ಏನೇ ಬರಲಿ, ಬಂದ ದಿನವೇ ಭಾವನಿಗೆ ಹೇಳುತ್ತೇನೆ, ಆಫೀಸಿನಲ್ಲಿ ಹೇಳುತ್ತೇನೆ, ಕನ್ನಡದವರ ಗ್ರೂಪಿನಲ್ಲಿ ಹಾಕುತ್ತೇನೆ, ಊರಿಗೆಲ್ಲ ಸಾರುತ್ತೇನೆ.

ನಿನಗೊಬ್ಬಳಿಗೆ ಮಾತ್ರ ಹೇಳುವುದಿಲ್ಲ.

ಶೈಲು